ಠಾಣೆಯಲ್ಲಿ ಬಿದ್ದ ಏಟು ಯಾರ ‘ವೈಯಕ್ತಿಕ ಮಾಹಿತಿ’?

ಪ್ರಶ್ನೆ: ಮೇಡಂ, ಐದು ತಿಂಗಳ ಹಿಂದೆ ಹೊಲದ ಬದುವಿನ ಜಗಳಕ್ಕೆ ನನ್ನ ತಮ್ಮನನ್ನು ಠಾಣೆಗೆ ಕರೆದುಕೊಂಡು ಹೋದರು. ಕೇಸು ಹಾಕಲಿಲ್ಲ. ರಾತ್ರಿಯೆಲ್ಲ ಕೂರಿಸಿಕೊಂಡು ಪಿಎಸ್‌ಐ ಮತ್ತೆ ಇಬ್ಬರು ಹೊಡೆದು, ಬೆಳಿಗ್ಗೆ ಬಿಟ್ಟು ಕಳಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ನಾನು ಎಸ್‌ಪಿಯವರಿಗೆ ದೂರು ಕೊಟ್ಟೆ. ಡಿವೈಎಸ್‌ಪಿ ನಮ್ಮಿಬ್ಬರನ್ನೂ ಕರೆಸಿ ಹೇಳಿಕೆ ಬರೆದುಕೊಂಡರು. ಮೂರು ತಿಂಗಳಾದ ಮೇಲೆ ‘ಇಲಾಖಾ ಮಟ್ಟದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂತು. ಏನು ಕ್ರಮ ಅಂತ ಗೊತ್ತಿಲ್ಲ. ಆ ಪಿಎಸ್‌ಐ ಅದೇ ಠಾಣೆಯಲ್ಲೇ ಇದ್ದಾರೆ. ಮಾಹಿತಿ ಹಕ್ಕಿನಲ್ಲಿ ವಿಚಾರಣಾ ವರದಿ ಕೇಳಿದೆ. ‘ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ, ಕಲಂ 8(1)(ಜೆ) ಪ್ರಕಾರ ನೀಡಲು ಅವಕಾಶವಿಲ್ಲ’ ಅಂತ ಉತ್ತರ ಬಂದು ಮೂರು ವಾರ ಆಯ್ತು. ನನ್ನ ತಮ್ಮನಿಗೆ ಬಿದ್ದ ಏಟು ಅವರ ವೈಯಕ್ತಿಕ ಮಾಹಿತಿ ಹೇಗಾಗುತ್ತೆ? ವರದಿ ನೋಡುವ ಹಕ್ಕು ನಮಗಿಲ್ವಾ? ಇಂಥ ವರದಿಗಳನ್ನು ಎಲ್ಲರಿಗೂ ಕಾಣೋ ಹಾಗೆ ಯಾಕೆ ಇಡೋದಿಲ್ಲ?
ಹಾಸನ ಜಿಲ್ಲೆಯಿಂದ ಒಬ್ಬ ಓದುಗರು

ಉತ್ತರ: ಮೊದಲು ಒಂದು ಅವಸರದ ಕೆಲಸ ಹೇಳಿಬಿಡ್ತೀನಿ. ಉಳಿದದ್ದನ್ನು ನಿಧಾನವಾಗಿ ಓದಿ. ಆ ರಾತ್ರಿಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ತೆಗೆದಿಡಬೇಕು ಅಂತ ಇವತ್ತೇ ಎಸ್‌ಪಿಯವರಿಗೆ ಒಂದು ಪತ್ರ ಬರೆಯಿರಿ. ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಠಾಣೆಯ ಯಾವ ಕೋಣೆ, ಎಲ್ಲವನ್ನೂ ಅದರಲ್ಲಿ ನಮೂದಿಸಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಗುವುದಾದರೆ ಇನ್ನೊಂದು ಪ್ರತಿಯನ್ನು ಎಸ್‌ಪಿ ಕಚೇರಿಯ ಟಪ್ಪಾಲಿಗೇ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಯಾಕೆ ಇಷ್ಟು ಅವಸರ ಅಂದರೆ, 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಿಗೂ ಕ್ಯಾಮೆರಾ ಕಡ್ಡಾಯ ಮಾಡಿತು. ಲಾಕಪ್ಪು, ಪಡಸಾಲೆ, ಒಳಬಾಗಿಲು, ಹೊರಬಾಗಿಲು, ಇನ್ಸ್‌ಪೆಕ್ಟರ್ ಕೋಣೆ, ಯಾವುದನ್ನೂ ಬಿಡುವ ಹಾಗಿಲ್ಲ. ದೃಶ್ಯವನ್ನು 18 ತಿಂಗಳು ಇಡಬೇಕು. ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು. ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ. ಪ್ರತಿ ಠಾಣೆಯ ಗೋಡೆಯ ಮೇಲೆ, ಅಲ್ಲಿನ ಜನರ ಭಾಷೆಯಲ್ಲೂ, ದೊಡ್ಡದಾಗಿ ಒಂದು ಸೂಚನೆ ಹಾಕಬೇಕು. ದೃಶ್ಯವನ್ನು ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಉಳಿಸಲಾಗುತ್ತದೆ, ಹಕ್ಕಿಗೆ ಚ್ಯುತಿ ಬಂದರೆ ಅದನ್ನು ಕಾಪಾಡಿಸಿಕೊಳ್ಳುವ ಹಕ್ಕು ಸಂತ್ರಸ್ತರಿಗಿದೆ ಅಂತ ಆ ಸೂಚನೆಯಲ್ಲಿ ಇರಬೇಕು. ನಿಮಗೆ ಐದು ತಿಂಗಳು ಕಳೆದುಹೋಗಿದೆ. ನಾಳೆ ಯಾರಾದರೂ ‘ಆರು ತಿಂಗಳಾಯ್ತು, ಹೊಸ ದೃಶ್ಯ ಹಳೆಯದರ ಮೇಲೆ ಕೂತಿದೆ’ ಅಂದರೆ, ಅಷ್ಟರೊಳಗೆ ನಾನು ಕೇಳಿದ್ದೆ ಅಂತ ತೋರಿಸಲು ನಿಮ್ಮ ಕೈಯಲ್ಲಿ ಒಂದು ಸೀಲು ಇರಲಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ನಿಮಗೆ ಕೊಟ್ಟ ಉತ್ತರ ಪೂರ್ತಿ ಕಾನೂನಿಲ್ಲದ ಮಾತಲ್ಲ. ಅದರ ಹಿಂದೆ ಒಂದು ತೀರ್ಪಿದೆ. 2012ರ ಅಕ್ಟೋಬರ್‌ನಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಸರ್ಕಾರಿ ನೌಕರನಿಗೆ ಕೊಟ್ಟ ಮೆಮೊ, ಕಾರಣ ಕೇಳಿ ಕೊಟ್ಟ ನೋಟಿಸು, ಛೀಮಾರಿ, ಶಿಕ್ಷೆ ಇವೆಲ್ಲ ನೌಕರನಿಗೂ ಅವನನ್ನು ಇಟ್ಟುಕೊಂಡವರಿಗೂ ನಡುವಿನ ವಿಷಯ, ಅದು ವೈಯಕ್ತಿಕ ಮಾಹಿತಿ ಅಂತ. ಆ ಪ್ರಕರಣದ ನೌಕರ ಪೊಲೀಸನಲ್ಲ, ಭವಿಷ್ಯನಿಧಿ ಇಲಾಖೆಯ ಅಧಿಕಾರಿ. ಆತನ ಮೆಮೊಗಳ ಜೊತೆ ಆಸ್ತಿಪಾಸ್ತಿಯ ವಿವರವನ್ನೂ ಒಬ್ಬರು ಕೇಳಿದ್ದರು. ಅವತ್ತಿನಿಂದ ಈ ತೀರ್ಪು ಪೊಲೀಸ್ ಕಚೇರಿಗಳಲ್ಲಿ ರೆಡಿ ಉತ್ತರ ಆಗಿಬಿಟ್ಟಿದೆ. ಆದರೆ ಅದೇ ತೀರ್ಪಿನಲ್ಲಿ, ದೊಡ್ಡ ಸಾರ್ವಜನಿಕ ಹಿತ ಇದ್ದರೆ ಇಂಥ ಮಾಹಿತಿಯನ್ನೂ ಕೊಡಬಹುದು ಅಂತಲೂ ಇದೆ. ಆ ಸಾಲನ್ನು ಯಾವ ಹಿಂಬರಹದಲ್ಲೂ ನಾನು ಕಂಡಿಲ್ಲ.

ಇನ್ನೊಂದು ಕೆಟ್ಟ ಸುದ್ದಿಯೂ ಇದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. 2005ರ ಮೂಲ ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(1)(ಜೆ) ಉದ್ದವಾಗಿತ್ತು. ಸಾರ್ವಜನಿಕ ಕೆಲಸಕ್ಕೂ ಹಿತಕ್ಕೂ ಸಂಬಂಧವೇ ಇಲ್ಲದ, ಅಥವಾ ಸುಮ್ನೆ ಒಬ್ಬರ ಖಾಸಗಿತನಕ್ಕೆ ಕೈಹಾಕುವ ವೈಯಕ್ತಿಕ ಮಾಹಿತಿ ಕೊಡಬೇಕಾಗಿಲ್ಲ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಅದನ್ನೂ ಕೊಡಬಹುದು ಅಂತಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ 44(3)ನೇ ಕಲಂ ಆ ಉದ್ದದ ಮಾತನ್ನೆಲ್ಲ ತೆಗೆದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಬಾಗಿಲು ಮೊದಲೇ ಅರ್ಧ ಮುಚ್ಚಿತ್ತು, ಈಗ ಇನ್ನಷ್ಟು ಎಳೆದುಕೊಂಡಿದ್ದಾರೆ. ಇದು ತಪ್ಪು ತಿದ್ದುಪಡಿ ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ.

ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ. ನೀವು ವರದಿಯನ್ನು ಇಡಿಯಾಗಿ ಒಂದೇ ಗಂಟು ಅಂತ ಕೇಳಿದ್ದೀರಿ. ಅವರೂ ಇಡಿಯಾಗಿ ಒಂದೇ ಗಂಟು ಅಂತ ನಿರಾಕರಿಸಿದ್ದಾರೆ. ಆ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಒಂದು, ಆ ರಾತ್ರಿ ಠಾಣೆಯಲ್ಲಿ ಏನಾಯ್ತು ಅನ್ನೋದು. ಯಾರು ಕರೆತಂದರು, ಠಾಣಾ ದಿನಚರಿಯಲ್ಲಿ ಬರೆದಿದ್ದಾರಾ, ಗಾಯ ಆಗಿತ್ತಾ, ಪಾಳಿಯಲ್ಲಿದ್ದವರು ಏನು ಹೇಳಿದರು, ಡಿವೈಎಸ್‌ಪಿಗೆ ಯಾವುದು ನಿಜ ಅನ್ನಿಸಿತು. ಇನ್ನೊಂದು, ಆ ಅಧಿಕಾರಿಯ ನೌಕರಿಯ ವಿಷಯ. ಅವರ ಸೇವಾ ಪುಸ್ತಕ, ಹಳೆಯ ಮೆಮೊಗಳು, ಇನ್‌ಕ್ರಿಮೆಂಟು, ಮನೆ ವಿಳಾಸ. ಎರಡನೆಯದು ಅವರದ್ದು, ಒಪ್ಪೋಣ. ಮೊದಲನೆಯದು ಅವರದ್ದು ಹೇಗಾಗುತ್ತೆ? ಸರ್ಕಾರಿ ಕಟ್ಟಡದಲ್ಲಿ, ಸರ್ಕಾರಿ ಸಮವಸ್ತ್ರ ಹಾಕಿಕೊಂಡು, ಸರ್ಕಾರ ಕೊಟ್ಟ ಅಧಿಕಾರ ಬಳಸಿ ನಿಮ್ಮ ತಮ್ಮನ ಮೈಮೇಲೆ ಮಾಡಿದ ಕೆಲಸ ಅದು. ಅದು ಯಾರದಾದರೂ ವೈಯಕ್ತಿಕ ಮಾಹಿತಿ ಅನ್ನೋದಾದರೆ ನಿಮ್ಮ ತಮ್ಮನದು. ನಿಮ್ಮ ಪ್ರಶ್ನೆಯಲ್ಲೇ ಈ ಉತ್ತರ ಇದೆ. ಅದನ್ನು ಕಾನೂನಿನ ಮಾತಿನಲ್ಲಿ ಬರೆಯಬೇಕು, ಅಷ್ಟೇ.

ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ನಾಲ್ಕು ಹಿಡಿಕೆಗಳಿವೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು, ಜನ ಅತಿ ಕಡಿಮೆ ಬಳಸೋದು, ಕಲಂ 4(1)(ಡಿ). ಯಾವುದೇ ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನದ ಕಾರಣಗಳನ್ನು ಆ ತೀರ್ಮಾನದಿಂದ ಬಾಧೆಗೊಳಗಾದವರಿಗೆ ತಿಳಿಸಬೇಕು ಅಂತ ಅದು ಹೇಳುತ್ತೆ. ನೀವು ದಾರಿಯಲ್ಲಿ ಹೋಗುವವರಲ್ಲ, ದೂರುದಾರರು. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಅನ್ನೋದು ತೀರ್ಮಾನ. ಕಾರಣ ಎಲ್ಲಿ? ದೇಶಪಾಂಡೆ ಪ್ರಕರಣದಲ್ಲಿ ಮಾಹಿತಿ ಕೇಳಿದವರಿಗೂ ನಿಮಗೂ ಇರುವ ವ್ಯತ್ಯಾಸ ಇಲ್ಲೇ ಇದೆ, ಇದನ್ನು ಮೇಲ್ಮನವಿಯಲ್ಲಿ ಒತ್ತಿ ಬರೆಯಿರಿ.

ಎರಡನೆಯದು ಕಲಂ 10. ಕೊಡಬಾರದ ಭಾಗಕ್ಕೆ ಕಪ್ಪು ಹಚ್ಚಿ, ಕೊಡಬಹುದಾದ ಭಾಗ ಕೊಡಿ ಅನ್ನುವ ಕಲಂ. ಮೂರನೆಯದು ಕಲಂ 8(2). ಮಾಹಿತಿ ಕೊಡುವುದರಿಂದ ಆಗುವ ಸಾರ್ವಜನಿಕ ಹಿತ, ಕೊಟ್ಟರೆ ಆಗುವ ಹಾನಿಗಿಂತ ತೂಕವಾಗಿದ್ದರೆ, 8(1)ರ ಯಾವ ವಿನಾಯಿತಿ ಇದ್ದರೂ ಕೊಡಬಹುದು. ತಿದ್ದುಪಡಿ ಆದಾಗ ಇದನ್ನು ಮುಟ್ಟಿಲ್ಲ. ತಿದ್ದುಪಡಿಯನ್ನು ಸಮರ್ಥಿಸುವಾಗ ಸರ್ಕಾರವೂ ‘8(2) ಇನ್ನೂ ಇದೆಯಲ್ಲ’ ಅಂತಲೇ ಹೇಳಿದೆ. ಇದೆ ಅಂದಮೇಲೆ ಬಳಸೋಣ. ನಾಲ್ಕನೆಯದು ಕಲಂ 19(5). ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊರೆ ಮಾಹಿತಿ ಅಧಿಕಾರಿಯ ಮೇಲಿದೆ, ನಿಮ್ಮ ಮೇಲಿಲ್ಲ.

ಇಷ್ಟೆಲ್ಲ ಇದ್ದೂ, ಗೆದ್ದೇ ಗೆಲ್ತೀರಿ ಅಂತ ನಾನು ಮಾತು ಕೊಡಲಾರೆ. ಇಂಥ ಅರ್ಜಿಗಳಲ್ಲಿ ಕೆಲವು ಗೆದ್ದಿವೆ, ಕೆಲವು ಸೋತಿವೆ. ಆದರೆ ಸರಿಯಾಗಿ ಬಿಡಿಸಿ ಕೇಳಿದವರಿಗೆ ಏನೂ ಸಿಗದೇ ಹೋಗಿದ್ದು ಕಡಿಮೆ.

ನೀವು ಹೊಸದಾಗಿ ಅರ್ಜಿ ಹಾಕುವುದಾದರೆ ನಾನಾದರೆ ಹೀಗೆ ಬರೆದುಕೊಡ್ತೀನಿ: ‘ದಿನಾಂಕ ಇಂಥದರಂದು ನಾನು ಪೊಲೀಸ್ ಅಧೀಕ್ಷಕರಿಗೆ ನೀಡಿದ ದೂರಿಗೆ ಸಂಬಂಧಿಸಿ, ಆ ಕಡತದ ಸಂಖ್ಯೆ ಮತ್ತು ಟಿಪ್ಪಣಿ ಹಾಳೆಗಳ ನಕಲು, ನನ್ನ ಹಾಗೂ ನನ್ನ ತಮ್ಮನ ಹೇಳಿಕೆಗಳ ನಕಲು, ವಿಚಾರಣಾ ವರದಿಯಲ್ಲಿ ಘಟನೆಯ ಬಗ್ಗೆ ಬರೆದಿರುವ ಭಾಗದ ಮತ್ತು ಅಂತಿಮ ಅಭಿಪ್ರಾಯದ ನಕಲು, ಆ ದಿನದ ಠಾಣಾ ದಿನಚರಿಯ ನಕಲು, ಕೈಗೊಂಡ ಕ್ರಮ ಯಾವುದು ಮತ್ತು ಅದಕ್ಕೆ ಕಾರಣವೇನು ಎಂಬುದನ್ನು ಕಲಂ 4(1)(ಡಿ) ಪ್ರಕಾರ ಒದಗಿಸಿ. ಅಧಿಕಾರಿಯ ಸೇವಾ ಪುಸ್ತಕ, ಆಸ್ತಿ, ವಿಳಾಸ ಇತ್ಯಾದಿ ನನಗೆ ಬೇಡ. ಅಂಥದ್ದೇನಾದರೂ ಇದ್ದರೆ ಕಲಂ 10ರಂತೆ ಬೇರ್ಪಡಿಸಿ ಉಳಿದದ್ದನ್ನು ಕೊಡಿ. ಪೊಲೀಸ್ ವಶದಲ್ಲಿ ಹಲ್ಲೆಯ ಆರೋಪವಾದ್ದರಿಂದ ಕಲಂ 8(2) ಅನ್ವಯಿಸುತ್ತದೆ.’ ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದ ಒಳಗಿರಬೇಕು. ಆದ್ದರಿಂದ ಕಥೆ ಬರೆಯಬೇಡಿ. ಕಥೆ ದೂರಿನಲ್ಲಿದೆ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ.

‘ಬೇಡ’ ಅಂತ ಬರೆಯುವ ಆ ಸಾಲನ್ನು ಮಾತ್ರ ಬಿಡಬೇಡಿ. ಕಡತ ಹಿಡಿದು ಕೂತ ಗುಮಾಸ್ತರಿಗೂ ಭಯ ಇರುತ್ತೆ. ಯಾವುದನ್ನು ಕೊಟ್ಟರೆ ತಮ್ಮ ತಲೆಗೆ ಬರುತ್ತೋ ಅಂತ. ಯಾವುದು ಬೇಡ ಅಂತ ನೀವೇ ಹೇಳಿದರೆ, ಯಾವುದನ್ನು ಕೊಡಬಹುದು ಅನ್ನೋದು ಅವರಿಗೂ ಸಲೀಸಾಗಿ ಕಾಣುತ್ತೆ.

ನಕಲು ಸಿಗದಿದ್ದರೂ ಕಡತ ನೋಡುವ ಹಕ್ಕು ಅಂತ ಒಂದಿದೆ. ಕೆಲವು ವರ್ಷಗಳ ಹಿಂದೆ ಗದಗ ಕಡೆಯ ಒಬ್ಬ ತಾಯಿಯ ಜೊತೆ ಹೀಗೆ ಒಂದು ಕಚೇರಿಗೆ ಹೋಗಿದ್ದೆ. ಅವರ ಮಗನಿಗೂ ನಿಮ್ಮ ತಮ್ಮನಿಗೆ ಆದದ್ದೇ ಆಗಿತ್ತು. ಮೊದಲನೇ ಮೇಲ್ಮನವಿಯಲ್ಲಿ ನಕಲು ಕೊಡಲಿಲ್ಲ, ವೀಕ್ಷಣೆಗೆ ಒಪ್ಪಿದರು. ಗೋಡೆ ಪಕ್ಕದ ಒಂದು ಮೇಜು, ಕೆಂಪು ದಾರ ಕಟ್ಟಿದ ಕಡತ, ನಮ್ಮೆದುರು ಒಬ್ಬ ಸಿಬ್ಬಂದಿ. ಅರ್ಧ ಪುಟಗಳಿಗೆ ಬಿಳಿ ಹಾಳೆ ಅಂಟಿಸಿ ಮುಚ್ಚಿದ್ದರು. ಮುಚ್ಚದೇ ಬಿಟ್ಟ ಒಂದು ಪುಟದಲ್ಲಿ, ‘ದೂರುದಾರನ ಮೈಮೇಲಿನ ಗಾಯಗಳು ಠಾಣೆಯಲ್ಲಿದ್ದ ಅವಧಿಯಲ್ಲೇ ಆಗಿರುವುದು ಕಂಡುಬರುತ್ತದೆ’ ಅಂತಿತ್ತು. ನಾನು ಓದಿ ಹೇಳಿದೆ. ಆ ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು, ‘ಅಕ್ಕಾರ, ಹಂಗಾರ ನನ್ನ ಮಗ ಸುಳ್ಳ ಹೇಳಿಲ್ಲ ಅಂತ ಇದರಾಗ ಬರದಾರೇನ್ರಿ?’ ಅಂದರು. ಹೌದು ಅಂದೆ. ಅಷ್ಟು ದಿನ ಊರಲ್ಲಿ ಎಲ್ಲರೂ, ಸ್ವಂತ ಬೀಗರೂ, ಹುಡುಗ ಎಲ್ಲೋ ಕುಡಿದು ಬಿದ್ದು ಪೊಲೀಸರ ಮೇಲೆ ಹೇಳ್ತಾನೆ ಅಂತ ಅಂದುಕೊಂಡಿದ್ದರಂತೆ. ಆ ಸಾಲು ಒಂದು ವರ್ಷದಿಂದ ಆ ಕಡತದಲ್ಲಿ ಇತ್ತು. ಯಾರೂ ಅವರಿಗೆ ಹೇಳಿರಲಿಲ್ಲ.

ಅವತ್ತಿನಿಂದ ನನಗೆ ಈ ವಿಷಯ ಬೇರೆಯೇ ಕಾಣುತ್ತೆ. ಶಿಕ್ಷೆ ಏನು ಕೊಟ್ಟರು ಅಂತ ತಿಳಿಯುವ ಆಸೆ ಎಲ್ಲರಿಗೂ ಇರುತ್ತೆ, ಸಹಜ. ಆದರೆ ಮನೆಯವರಿಗೆ ಅದಕ್ಕಿಂತ ಮೊದಲು ಬೇಕಾಗಿರೋದು, ‘ಇದು ನಡೆದದ್ದು ಹೌದು’ ಅಂತ ಸರ್ಕಾರದ ಕೈಬರಹದಲ್ಲಿ ಒಂದು ಸಾಲು.

ಇಲಾಖಾ ವಿಚಾರಣೆ ಯಾಕೆ ಇಷ್ಟು ಗುಟ್ಟಾಗಿ ನಡೆಯುತ್ತೆ ಅಂತ ನೀವು ಕೇಳಿದ್ದೀರಿ. ಅದರ ರಚನೆಯೇ ಹಾಗಿದೆ. ನಮ್ಮಲ್ಲಿ ಪೊಲೀಸ್ ಸಿಬ್ಬಂದಿಯ ಶಿಸ್ತು ಕ್ರಮ 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡಾವಳಿ ನಿಯಮಗಳ ಪ್ರಕಾರ ನಡೆಯುತ್ತೆ. ಅಲ್ಲಿ ಇರುವವರು ಇಬ್ಬರೇ, ಇಲಾಖೆ ಮತ್ತು ನೌಕರ. ಏಟು ತಿಂದವನು ಅಲ್ಲಿ ಬರೀ ಸಾಕ್ಷಿ. ಕರೆದಾಗ ಹೋಗಿ ಹೇಳಿ ಬರಬೇಕು. ಆಮೇಲೆ ಏನಾಯ್ತು ಅಂತ ಕೇಳುವ ಜಾಗ ಅವನಿಗಿಲ್ಲ. ನಿಮಗೆ ಆದದ್ದು ಬಹುಶಃ ಅದಕ್ಕೂ ಮುಂಚಿನ ಹಂತ, ಪ್ರಾಥಮಿಕ ವಿಚಾರಣೆ ಮಾತ್ರ. ಅದರಲ್ಲೇ ಒಂದು ಮೆಮೊ ಕೊಟ್ಟು ಮುಗಿಸಿದ್ದರೂ ‘ಸೂಕ್ತ ಕ್ರಮ’ ಅಂತಲೇ ಬರೆಯುತ್ತಾರೆ. ಹಾಗಾಗಿ ಇಲಾಖಾ ವಿಚಾರಣೆಗೆ ಆರೋಪ ಪಟ್ಟಿ ಕೊಟ್ಟಿದ್ದಾರಾ ಇಲ್ಲವಾ, ಅಷ್ಟನ್ನು ಪ್ರತ್ಯೇಕವಾಗಿ ಕೇಳಿ. ಹೌದು, ಇಲ್ಲ ಅನ್ನುವ ಉತ್ತರದಲ್ಲಿ ಯಾರ ಖಾಸಗಿತನವೂ ಹೋಗುವುದಿಲ್ಲ.

ಅದಕ್ಕೇ ನಾನು ಯಾವಾಗಲೂ ಹೇಳೋದು, ಇಲಾಖೆಯ ದಾರಿಯೊಂದನ್ನೇ ನಂಬಿ ಕೂರಬೇಡಿ ಅಂತ. ಹೊಡೆದದ್ದು ಅಪರಾಧ. ಎಫ್‌ಐಆರ್ ಆದರೆ ಬೆಳಕು ತಾನೇ ಬರುತ್ತೆ. 2016ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ಪ್ರಕಾರ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕು. ಆರೋಪಿ ಪೊಲೀಸ್ ಆದರೂ ಅಷ್ಟೇ. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ಕೊನೆಗೆ ‘ಬಿ’ ರಿಪೋರ್ಟ್, ಅಂದರೆ ಕೇಸು ಮುಂದುವರಿಸುವಂಥದ್ದೇನಿಲ್ಲ ಅನ್ನುವ ವರದಿ, ಹಾಕಿ ಮುಚ್ಚಲು ಹೊರಟರೂ, ಅದನ್ನು ಒಪ್ಪುವ ಮೊದಲು ನ್ಯಾಯಾಲಯ ನಿಮಗೆ ನೋಟಿಸು ಕೊಟ್ಟು ನಿಮ್ಮ ಮಾತು ಕೇಳಬೇಕು. ಇದು 1985ರಿಂದಲೂ ಇರುವ ಕಾನೂನು. ಅದೇ ಘಟನೆ, ಅದೇ ಅಧಿಕಾರಿ. ಇಲಾಖೆಯ ಕಡತದಲ್ಲಿದ್ದರೆ ಗುಟ್ಟು, ನ್ಯಾಯಾಲಯದ ಕಡತಕ್ಕೆ ಬಂದರೆ ಬಯಲು. ಠಾಣೆಯೂ ಎಸ್‌ಪಿಯೂ ಎಫ್‌ಐಆರ್ ಮಾಡದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಸರ್ಕಾರಿ ನೌಕರನ ಮೇಲಿನ ದೂರಿಗೆ ಅಲ್ಲಿ ಹೆಚ್ಚಿನ ಮೆಟ್ಟಿಲುಗಳಿವೆ, ಅದಕ್ಕೆ ವಕೀಲರ ಜೊತೆ ಕೂತು ಮಾತಾಡಿ. ಹಣದ ತೊಂದರೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಒಳರೋಗಿ ಚೀಟಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ದಾಖಲಿಸುವ) ನಂಬರು ಇವು ನಿಮ್ಮ ತಮ್ಮನದೇ ದಾಖಲೆ. ಮೊದಲು ಅವನ್ನು ತೆಗೆದುಕೊಂಡು ಬನ್ನಿ.

ಇನ್ನೂ ಒಂದು ಬಾಗಿಲಿದೆ, ಅದು ನೇರವಾಗಿ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ. ರಾಜ್ಯ ಮಾನವ ಹಕ್ಕುಗಳ ಆಯೋಗ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 18ನೇ ಕಲಂ ಪ್ರಕಾರ ಆಯೋಗ ತನ್ನ ವಿಚಾರಣಾ ವರದಿಯ ಪ್ರತಿಯನ್ನು ದೂರುದಾರರಿಗೆ ಕೊಡಬೇಕು. ಸರ್ಕಾರದ ಅಭಿಪ್ರಾಯದ ಜೊತೆ ಅದನ್ನು ಪ್ರಕಟಿಸಲೂ ಬೇಕು. ಗಮನಿಸಿ, ಇಲಾಖೆ ‘ವೈಯಕ್ತಿಕ’ ಅಂತ ಮುಚ್ಚುವ ಸಂಗತಿಯನ್ನೇ ಇನ್ನೊಂದು ಕಾನೂನು ‘ಪ್ರಕಟಿಸಿ’ ಅನ್ನುತ್ತೆ. ಆಯೋಗದ್ದು ಶಿಫಾರಸು ಅಷ್ಟೇ, ಅದು ಅದರ ಮಿತಿ. ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬೇಕು. ನಿಮಗೆ ಇನ್ನೂ ಏಳು ತಿಂಗಳಿದೆ, ಆದರೂ ತಡ ಮಾಡಬೇಡಿ.

ಪೊಲೀಸರ ಮೇಲಿನ ದೂರನ್ನು ವಿಚಾರಿಸಲು ಪ್ರತ್ಯೇಕ ವ್ಯವಸ್ಥೆ ಬೇಕು ಅಂತ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದೇ ಹೇಳಿದೆ. ಉತ್ತರ ಪ್ರದೇಶದ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿ ಅದು. ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಡಿವೈಎಸ್‌ಪಿವರೆಗಿನವರ ಮೇಲಿನ ದೂರಿಗೆ ಜಿಲ್ಲೆಯಲ್ಲಿ, ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯದಲ್ಲಿ ಒಂದೊಂದು ದೂರು ಪ್ರಾಧಿಕಾರ ಇರಬೇಕು ಅಂತ ಆದೇಶ ಆಯಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇವಕ್ಕೆ ಜಾಗ ಮಾಡಿತು. ನಿಮ್ಮ ದೂರಿನ ಒಂದು ಪ್ರತಿ ಅಲ್ಲಿಗೂ ಹೋಗಲಿ. ತಾಲ್ಲೂಕಿನ ಜನರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ, ನನಗೆ ಬೇಜಾರಾಗುವುದು ಅದಕ್ಕೆ. ಠಾಣೆಯ ಹೊರಗೋಡೆಯ ಮೇಲೆ ಅದರ ವಿಳಾಸ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಗುಟ್ಟು ಇರಲೇಬಾರದು ಅಂತ ನಾನು ಹೇಳ್ತಿಲ್ಲ. ತನಿಖೆ ಇನ್ನೂ ನಡೀತಿದ್ದರೆ ಕೆಲವು ಕಾಗದ ಹೊರಗೆ ಬಂದರೆ ಸಾಕ್ಷಿ ಕೆಡಬಹುದು. 8(1)(ಎಚ್) ಇರೋದು ಅದಕ್ಕೇ. ಆದರೆ ತನಿಖೆ ನಡೀತಿದೆ ಅಂತ ಹೇಳಿದರಷ್ಟೇ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿ ಆಗುತ್ತೆ ಅಂತ ತೋರಿಸಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಲೈಂಗಿಕ ದೌರ್ಜನ್ಯದ ದೂರಾದರೆ ಹೆಣ್ಣುಮಗಳ ಗುರುತು ಯಾವ ಕಾರಣಕ್ಕೂ ಹೊರಗೆ ಬರಬಾರದು. ತನ್ನದೇ ಪಿಎಸ್‌ಐ ವಿರುದ್ಧ ನಿಜ ಹೇಳಿದ ಕಾನ್‌ಸ್ಟೇಬಲ್ ಒಬ್ಬನಿದ್ದರೆ ಅವನ ಹೆಸರನ್ನೂ ಮುಚ್ಚಬೇಕು. ಅವನು ನಾಳೆ ಬೆಳಿಗ್ಗೆ ಅದೇ ಠಾಣೆಯ ಹಾಜರಿಗೆ ನಿಲ್ಲಬೇಕಲ್ವಾ?

ಸುಳ್ಳು ದೂರೂ ಬರುತ್ತೆ, ಅದೂ ನಿಜ. ನನಗೆ ಗೊತ್ತಿರುವ ಒಬ್ಬ ಎಎಸ್‌ಐ ಮೇಲೆ ಲಂಚದ ದೂರು ಬಂತು, ವಿಚಾರಣೆ ಆಯ್ತು, ಏನೂ ಇಲ್ಲ ಅಂತ ವರದಿ ಬಂತು. ವರದಿ ಗುಟ್ಟಾಗಿಯೇ ಉಳಿಯಿತು. ನಿವೃತ್ತರಾಗುವವರೆಗೂ ಊರಿನವರು ‘ಹೇಗೋ ಮುಚ್ಚಿಹಾಕಿಸಿಕೊಂಡ’ ಅಂತಲೇ ಅಂದರು. ದೂರು ಬಂದ ಸುದ್ದಿ ಸಂತೆಯವರೆಗೂ ಹೋಗಿತ್ತು, ದೂರು ಸುಳ್ಳು ಅನ್ನೋ ಕಾಗದ ಬೀರುವಿನಲ್ಲಿತ್ತು. ಪ್ರಾಮಾಣಿಕ ಪೊಲೀಸರಿಗೂ ಈ ಗುಟ್ಟಿನಿಂದ ನಷ್ಟವೇ.

ಬೇರೆ ಕಡೆ ಹೇಗಿದೆ ಅಂತ ಒಂದೆರಡು ಮಾತು. ಇಂಗ್ಲೆಂಡಿನಲ್ಲಿ 2015ರಿಂದ ಪೊಲೀಸರ ಗಂಭೀರ ದುರ್ನಡತೆಯ ವಿಚಾರಣೆಯನ್ನು ಸಾರ್ವಜನಿಕರು ಹೋಗಿ ಕೂತು ನೋಡಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ‘50-ಎ’ ಅನ್ನುವ ಕಲಂ 1976ರಿಂದ ಪೊಲೀಸರ ಶಿಸ್ತು ದಾಖಲೆಗಳಿಗೆ ಬೀಗ ಹಾಕಿತ್ತು. ಆರೋಪಿಗಳ ಪರ ವಕೀಲರು ಆ ದಾಖಲೆಗಳನ್ನು ಹಿಡಿದು ಅಧಿಕಾರಿಗಳಿಗೆ ಕಿರುಕುಳ ಕೊಡಬಾರದು ಅಂತ ತಂದದ್ದು, ಕಾಲಾಂತರದಲ್ಲಿ ಎಲ್ಲದಕ್ಕೂ ಬೀಗ ಆಯ್ತು. 2014ರಲ್ಲಿ ಎರಿಕ್ ಗಾರ್ನರ್ ಎಂಬಾತ ಪೊಲೀಸನೊಬ್ಬ ಕತ್ತು ಅದುಮಿ ಹಿಡಿದಾಗ ಸತ್ತಾಗಲೂ ಆ ಅಧಿಕಾರಿಯ ಹಳೆಯ ದಾಖಲೆ ಕೊಡಲಿಲ್ಲ. 2020ರ ಮೇ 25ರಂದು ಅಮೆರಿಕದ ಇನ್ನೊಂದು ನಗರ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವಾದಾಗ, ಕುತ್ತಿಗೆ ಮೇಲೆ ಮೊಣಕಾಲು ಊರಿದ ಅಧಿಕಾರಿಯ ಮೇಲೆ ಮೊದಲೇ ಕನಿಷ್ಠ 17 ದೂರುಗಳಿದ್ದದ್ದು ಜನರಿಗೆ ತಿಳಿಯಿತು. ಪೊಲೀಸರ ಮೊದಲ ಪ್ರಕಟಣೆಯಲ್ಲಿ ಆ ಸಾವನ್ನು ಆರೋಗ್ಯ ಕೆಟ್ಟು ಆದದ್ದು ಎಂಬಂತೆ ಬರೆದಿದ್ದರು. ಅಲ್ಲೇ ನಿಂತಿದ್ದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ದೃಶ್ಯ ಇಲ್ಲದಿದ್ದರೆ ಅದೇ ದಾಖಲೆಯಾಗಿ ಉಳಿಯುತ್ತಿತ್ತು. ಮೂರು ವಾರದೊಳಗೆ, ಜೂನ್ 12ಕ್ಕೆ, ನ್ಯೂಯಾರ್ಕ್ ಆ 50-ಎ ಕಲಂ ರದ್ದು ಮಾಡಿತು. ಈಗ ನ್ಯೂಯಾರ್ಕ್ ನಗರದಲ್ಲಿ ಯಾರು ಬೇಕಾದರೂ ಒಬ್ಬ ಪೊಲೀಸ್ ಅಧಿಕಾರಿಯ ಮೇಲಿನ ದೂರುಗಳನ್ನು ಕಂಪ್ಯೂಟರಿನಲ್ಲಿ ನೋಡಬಹುದು. 44 ವರ್ಷದ ಬೀಗ ಬಿಚ್ಚಲು ಒಂದು ಜೀವ ಹೋಗಬೇಕಾಯಿತು.

ನಮ್ಮಲ್ಲೂ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ನಗರ ಪೊಲೀಸ್ ಆಯುಕ್ತರೂ ಸೇರಿ ಅಧಿಕಾರಿಗಳು ಅಮಾನತಾದರು. ಹೈಕೋರ್ಟಿಗೆ ಕೊಟ್ಟ ವಸ್ತುಸ್ಥಿತಿ ವರದಿ ಮುಚ್ಚಿದ ಲಕೋಟೆಯಲ್ಲೇ ಇರಲಿ ಅಂತ ಸರ್ಕಾರ ಕೇಳಿತು. ಜುಲೈ ತಿಂಗಳಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ದೇಶದ ಭದ್ರತೆಯಂಥ ಕಾರಣ ಇದ್ದರೆ ಮಾತ್ರ ಲಕೋಟೆ, ಇಲ್ಲಿ ಹಾಗೇನಿಲ್ಲ, ಎದುರು ಕಕ್ಷಿಗಳಿಗೆ ಕೊಡಿ ಅಂದಿತು. ನಿಮ್ಮ ಮೇಲ್ಮನವಿಯಲ್ಲಿ ಇದನ್ನು ಬರೆಯಬೇಕಾಗಿಲ್ಲ, ಅದು ಬೇರೆ ಸಂದರ್ಭ. ಆದರೆ ಧೈರ್ಯಕ್ಕೆ ನೆನಪಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಲೆಕ್ಕ. ನಿರಾಕರಣೆಯ ಉತ್ತರ ನಿಮ್ಮ ಕೈಸೇರಿದ ದಿನದಿಂದ 30 ದಿನದೊಳಗೆ ಮೊದಲನೇ ಮೇಲ್ಮನವಿ ಹಾಕಬೇಕು. ಮೂರು ವಾರ ಆಯ್ತು ಅಂತ ಬರೆದಿದ್ದೀರಿ, ಅಂದರೆ ಉಳಿದಿರೋದು ಒಂಬತ್ತು ದಿನ. ಯಾರಿಗೆ ಹಾಕಬೇಕು ಅಂತ ಆ ಉತ್ತರದಲ್ಲೇ ಬರೆದಿರಬೇಕು, ಕಲಂ 7(8) ಹಾಗೆ ಹೇಳುತ್ತೆ. ಬರೆದಿಲ್ಲದಿದ್ದರೆ ಅದನ್ನೂ ಒಂದು ತಪ್ಪು ಅಂತ ಮೇಲ್ಮನವಿಯಲ್ಲಿ ಸೇರಿಸಿ. 30 ದಿನ, ಹೆಚ್ಚೆಂದರೆ 45 ದಿನದಲ್ಲಿ ಅವರು ತೀರ್ಮಾನಿಸಬೇಕು. ಅಲ್ಲೂ ಇಲ್ಲ ಅಂದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ. ಅಲ್ಲಿ ಕಾಯಬೇಕಾಗುತ್ತೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೇಲ್ಮನವಿಗೆ ನಿಮ್ಮ ದೂರಿನ ಪ್ರತಿ, ಒಂದು ಸಾಲಿನ ಆ ಹಿಂಬರಹ, ಗಾಯದ ಪ್ರಮಾಣಪತ್ರ ಲಗತ್ತಿಸಿ. ತಮ್ಮನ ಸಹಿಯೂ ಅದರ ಮೇಲೆ ಇರಲಿ, ಅಥವಾ ನಿಮ್ಮ ಹೆಸರಿಗೆ ಅವನಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಅವನ ದಾಖಲೆಯನ್ನು ಅವನಿಗೇ ಕೊಡಲು ‘ಮೂರನೇ ವ್ಯಕ್ತಿ’ ಅಂತ ಯಾರೂ ಹೇಳಲಾರರು.